ಮಂದ್ರವನ್ನು ತಿದ್ದುವ ಪೆಟ್ಟಿಗೆ

ಅಮೆರಿಕದ ವೆಸ್ಟ್ ಬ್ಲೂಮ್‌ಫೀಲ್ಡ್‌ನಂಥ ಊರುಗಳಲ್ಲಿ ಹೋಮ್ ಥಿಯೇಟರ್‌ಗೆ ಬೇಸ್‌ಮೆಂಟೇ ಸಹಜ ಜಾಗ. ಆದರೆ ಕಾಂಕ್ರೀಟ್ ಗೋಡೆಗಳು ಮಂದ್ರದ ಅಲೆಗಳನ್ನು ಒಳಗೇ ತಿರುಗಿಸುತ್ತವೆ. 20 ಅಡಿ ಉದ್ದದ ಕೋಣೆ 28 ಹರ್ಟ್ಸ್ ಸುಮಾರಿಗೆ ತಾನೇ ಮೊರೆಯುತ್ತದೆ. ತೆರೆಯ ಮೇಲಿನ ಗುಡುಗು ಬರೀ ಗುಂಯ್‌ಗುಟ್ಟುತ್ತದೆ.

ಬೇರೆಬೇರೆ ಕಂಪನಾಂಕಗಳ ಮಟ್ಟವನ್ನು ತಿದ್ದುವ ಪ್ಯಾರಾಮೆಟ್ರಿಕ್ ಈಕ್ವಲೈಜರ್‌ನ ಹಿರಿಮೆ ಇಲ್ಲೇ. ಗ್ರಾಫಿಕ್ ಈಕ್ವಲೈಜರ್‌ನಲ್ಲಿ ಕಂಪನಾಂಕದ ಪಟ್ಟಿಗಳು ಮೊದಲೇ ನಿಗದಿ; ಇದರಲ್ಲಿ ಕಂಪನಾಂಕ, ಅಗಲ, ಮಟ್ಟ ಮೂರೂ ನಮ್ಮ ಕೈಯಲ್ಲಿ. ಇಂಥ ಈಕ್ವಲೈಜರ್ ಇರುವ, ಮಿನಿಡಿಎಸ್‌ಪಿ ಕಂಪನಿಯ ಟೂ ಬೈ ಫೋರ್ ಎಚ್‌ಡಿ ಎಂಬ ಪುಟ್ಟ ಪೆಟ್ಟಿಗೆ ಮಂದ್ರ ಹೊಮ್ಮಿಸುವ ನಾಲ್ಕು ಸಬ್‌ವೂಫರ್‌ಗಳನ್ನು ಬೇರೆಬೇರೆಯಾಗಿ ಹೊಂದಿಸಬಲ್ಲದು.

ಜೊತೆಗೆ ಅಳತೆಯ ಮೈಕ್ ಇರಲೇಬೇಕು. ಅಳತೆಯಲ್ಲಿ ಕಂಡ ಉಬ್ಬನ್ನು ತಗ್ಗಿಸಿ; ಆದರೆ ಅಲೆಗಳು ಪರಸ್ಪರ ಅಳಿಸಿಕೊಂಡ ತಗ್ಗನ್ನು ತುಂಬಲು ಹೋಗಬೇಡಿ, ಅಲ್ಲಿ ಸಬ್‌ವೂಫರನ್ನೇ ಸರಿಸಬೇಕು. ಕೋಣೆ ಸೇರಿಸಿದ್ದನ್ನು ಕಳೆದು, ಶಬ್ದ ಸಂಯೋಜಕರ ಕೆಲಸವನ್ನು ನಿಚ್ಚಳವಾಗಿ ಕೇಳಿಸುವ ಈ ಸಾಧನ ನನಗೆ ಅಚ್ಚುಮೆಚ್ಚು.