ಮೆದುಳಿಗೆ ಕರೆಂಟು, ಮೂರ್ಛೆಯ ಅಪಾಯ

ಮೆದುಳಿನ ಗಡ್ಡೆ ತೆಗೆಯುವಾಗ ಕೈಕಾಲಿನ ಬಲ ಹೋಗದಂತೆ ಕಾಯುವುದು ನರ ಮಾನಿಟರಿಂಗ್‌ನ ಕೆಲಸ. ಮೆದುಳಿಗೆ ಸಣ್ಣ ಕರೆಂಟು ಕೊಟ್ಟು, ಸ್ನಾಯು ಅದುರುತ್ತದೆಯೇ ಎಂದು ನೋಡುತ್ತಾರೆ. ಅದೇ ಕರೆಂಟು ಒಮ್ಮೊಮ್ಮೆ ಆಪರೇಷನ್ ಟೇಬಲ್ ಮೇಲೆಯೇ ಫಿಟ್ಸ್ ತರಿಸುತ್ತದೆ. ಹಾಗೆಂದು ಈ ಪದ್ಧತಿಗೆ ಹೆದರಬೇಕಿಲ್ಲ. ಕರೆಂಟನ್ನು ಎಲ್ಲಿ, ಹೇಗೆ ಕೊಡುತ್ತಾರೆ ಎಂಬುದರ ಮೇಲೆ ಅಪಾಯದ ಪ್ರಮಾಣ ನಿಂತಿದೆ.

ನೆತ್ತಿಯ ಚರ್ಮಕ್ಕೆ ಎಲೆಕ್ಟ್ರೋಡ್ ಹಾಕಿ ಹೊರಗಿನಿಂದಲೇ ಕೊಡುವ ವಿಧಾನದ ಬಗ್ಗೆ ಭಯ ಹೆಚ್ಚು, ಅಪಾಯ ಕಡಿಮೆ. 2002ರಲ್ಲಿ ಸಂಶೋಧಕ ಡೇವಿಡ್ ಮ್ಯಾಕ್‌ಡೊನಾಲ್ಡ್ 15,000ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ಅನುಭವವನ್ನು ಒಟ್ಟುಗೂಡಿಸಿದರು. ಮೂರ್ಛೆ ಬಂದದ್ದು 5 ಜನರಿಗೆ. ದವಡೆ ಬಿಗಿದು ನಾಲಿಗೆ ಅಥವಾ ತುಟಿ ಸೀಳಿದ್ದು 29 ಜನರಿಗೆ. ಕೆಲವು ಪ್ರಕರಣ ವರದಿಯಾಗದೆ ಉಳಿದಿರಬಹುದು. ಆದರೂ ಮೂರ್ಛೆಗೆ ಅಂಜಿ ಮಾನಿಟರಿಂಗ್ ಕೈಬಿಡುವುದಕ್ಕಿಂತ, ಹಲ್ಲುಗಳ ನಡುವೆ ಮೆತ್ತನೆಯ ತಡೆಯನ್ನು ಸರಿಯಾಗಿ ಇಡುವುದು ಮುಖ್ಯ ಎನ್ನುವುದು ಈ ಲೆಕ್ಕದಿಂದ ಸ್ಪಷ್ಟ.

ತೆರೆದ ಮೆದುಳಿನ ಮೇಲೆಯೇ ಕರೆಂಟು ಹರಿಸಿದಾಗ ಅಪಾಯ ಏರುತ್ತದೆ. ಮಾಂಟ್ರಿಯಲ್‌ನ ನರಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ ಹೆಸರಿನ ಹಳೆಯ ವಿಧಾನದಲ್ಲಿ ಸೆಕೆಂಡಿಗೆ 50–60 ಮಿಡಿತಗಳು ಹಲವು ಸೆಕೆಂಡು ಸತತವಾಗಿ ಹೋಗುತ್ತವೆ. ಹೀಗೆ ಪದೇ ಪದೇ ಕೆರಳಿದ ನರಕೋಶಗಳು ಕರೆಂಟು ನಿಂತ ಮೇಲೂ ತಾವಾಗಿಯೇ ಮಿಡಿಯತೊಡಗಿದರೆ ಅದು ಮೂರ್ಛೆಯಾಗಿ ಹರಡಬಹುದು. 1993ರಲ್ಲಿ ತಾನಿಗುಚಿ ಮತ್ತು ಸಂಗಡಿಗರು ತೋರಿಸಿದ ಹಾದಿಯಲ್ಲಿ ಸುಮಾರು ಐದೇ ಮಿಡಿತ. ಸೆಕೆಂಡಿನ ಐವತ್ತನೇ ಒಂದು ಭಾಗದೊಳಗೆ ಎಲ್ಲ ಮುಗಿಯುತ್ತದೆ. ಮೆದುಳಿಗೆ ತಗಲುವ ಒಟ್ಟು ವಿದ್ಯುತ್ತೂ ಕಡಿಮೆ, ಮೂರ್ಛೆಯೂ ಕಡಿಮೆ. ಚಲನೆಯ ಭಾಗ ಗುರುತಿಸಲು ಇದೇ ಮೇಲು.

ಮಾತಿನ ಭಾಗ ಹುಡುಕುವಾಗ ಮಾತ್ರ ಈ ಗೆಲುವು ಪೂರ್ತಿ ದಕ್ಕುವುದಿಲ್ಲ. ಎಚ್ಚರವಿರುವ ರೋಗಿ ಚಿತ್ರ ನೋಡಿ ಹೆಸರು ಹೇಳುತ್ತಿರುವಾಗ ಮಾತನ್ನು ಕ್ಷಣಕಾಲ ತಡೆಯಬೇಕು. ಅದಕ್ಕೆ ಇಂದಿಗೂ ಹೆಚ್ಚಾಗಿ ಪೆನ್‌ಫೀಲ್ಡ್ ವಿಧಾನವೇ ಬೇಕು. ಆಗ ಫಿಟ್ಸ್ ಬಂದರೆ ರೋಗಿ ಮಂಕಾಗುತ್ತಾರೆ, ಪರೀಕ್ಷೆ ಅರ್ಧಕ್ಕೇ ನಿಲ್ಲಬಹುದು.

ಇದಕ್ಕೆ ಮದ್ದು ಸರಳ. ಮಂಜಿನಷ್ಟು ತಣ್ಣಗಿನ ರಿಂಗರ್ ಎಂಬ ಲವಣ ದ್ರಾವಣವನ್ನು ಮೆದುಳಿನ ಮೇಲೆ ಸುರಿದರೆ ಮೂರ್ಛೆ ಬೇಗ ನಿಲ್ಲುತ್ತದೆ ಎಂದು ಸಾರ್ಟೋರಿಯಸ್ ಮತ್ತು ಬರ್ಗರ್ 1998ರಲ್ಲೇ ವರದಿ ಮಾಡಿದರು. ಮಂಪರು ತರುವ ಔಷಧಿಯಂತೆ ಇದು ರೋಗಿಯನ್ನು ಮಲಗಿಸುವುದಿಲ್ಲ. ಆದ್ದರಿಂದ ಕರೆಂಟು ಹರಿಸುವ ಮೊದಲೇ ಆ ದ್ರಾವಣ ಕೈಗೆಟುಕುವಲ್ಲಿ ಇರಬೇಕು, ಮೆದುಳಿನ ಅಲೆಗಳ ಮೇಲೆ ಒಬ್ಬರ ಕಣ್ಣಿರಬೇಕು, ಮೂರ್ಛೆಯ ಸಾಧ್ಯತೆಯನ್ನು ರೋಗಿಗೆ ಹಿಂದಿನ ದಿನವೇ ಬಿಡಿಸಿ ಹೇಳಿರಬೇಕು. ಇವಿಲ್ಲದ ಮಾನಿಟರಿಂಗ್ ಅರೆಬರೆ ಕೆಲಸ.