ಕೈ ಎತ್ತಿದ ಕುರಿಗಾರ, ನಿಲ್ಲದ ಗಾಡಿ

ಕಾರಹುಣ್ಣಿಮೆ ಕಳೆದು ವಿಜಯಪುರ ಜಿಲ್ಲೆಯ ಕಾಖಂಡಕಿಯಲ್ಲಿ ಕರಿ ನಡೆಯುವ ದಿನ ಊರ ಬೀದಿ ಎತ್ತುಗಳದ್ದು. ಸಿಂಗರಿಸಿದ ಎತ್ತು, ಹೋರಿಗಳು ಓಡಿ ಬರುತ್ತವೆ. ಹರೆಯದವರು ಹಿಡಿಯಲು ಮುನ್ನುಗ್ಗುತ್ತಾರೆ, ಉಳಿದವರು ಮಾಳಿಗೆ ಏರಿ ನೋಡುತ್ತಾರೆ. ಗಾಯಗೊಂಡವರ ಸುದ್ದಿ ಪತ್ರಿಕೆಗೆ ಬರುವುದೂ ಹೊಸದಲ್ಲ. ಆ ಹೊತ್ತಿನಲ್ಲಿ ಗಾಡಿ ತಂದು ಆ ಬೀದಿಗೆ ನುಗ್ಗಿಸುವ ಧೈರ್ಯ ಯಾರಿಗೂ ಇಲ್ಲ. ವರ್ಷದ ಉಳಿದ ದಿನಗಳಲ್ಲಿ ಲೆಕ್ಕ ತಿರುವುಮುರುವು. ದಾರಿ ಗಾಡಿಯದಾಗುತ್ತದೆ, ಎತ್ತು, ಎಮ್ಮೆ, ಕುರಿಗಳೇ ಅಂಚಿಗೆ ಸರಿಯಬೇಕು. ಅವು ಸರಿಯದೆ ಗಾಡಿಗೆ ಸಿಕ್ಕಾಗ ಏನು ಮಾಡಬೇಕೆಂಬುದಕ್ಕೆ ಸರಕು ಸಾಗಿಸುವ ಡ್ರೈವರ್‌ಗಳಲ್ಲಿ ಒಂದು ರೂಢಿ ಬೇರೂರಿದೆ. ಒರೆಗೆ ಹಚ್ಚಿ ನೋಡಬೇಕಾದದ್ದು ಆ ರೂಢಿಯನ್ನು.

ವಿಜಯಪುರದಿಂದ ಬಬಲೇಶ್ವರ, ತಿಕೋಟಾ ಕಡೆಯ ಹಳ್ಳಿಗಳಿಗೆ ಕಿರಾಣಿ ಸಾಮಾನು, ಗ್ಯಾಸ್ ಸಿಲಿಂಡರ್, ಗೊಬ್ಬರ, ಆನ್‌ಲೈನ್ ಪಾರ್ಸೆಲ್ ಎಲ್ಲವೂ ಟಂಟಂ, ಟಾಟಾ ಏಸ್, ಬೈಕುಗಳ ಮೇಲೆ ಹೋಗುತ್ತವೆ. ತಿಕೋಟಾ ಭಾಗದ ಒಣದ್ರಾಕ್ಷಿ ಸಾಂಗ್ಲಿ, ತಾಸಗಾಂವದ ಪೇಟೆಗೆ ಹೊರಡುತ್ತದೆ. ಹಂಗಾಮಿನಲ್ಲಿ ಕೃಷ್ಣಾನಗರದ ನಂದಿ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತವೆ. ಅದೇ ದಾರಿಯಲ್ಲಿ ಕುರಿಹಿಂಡು ಹೊಲದಿಂದ ಹೊಲಕ್ಕೆ ಸಾಗಬೇಕು, ಸಂಜೆಗೆ ದನಗಳು ಮನೆಗೆ ಬರಬೇಕು. ದನ ಮನೆಗೆ ಬರುವ ಹೊತ್ತೇ ಪಾರ್ಸೆಲ್ ಹುಡುಗನ ಕೊನೆಯ ಟ್ರಿಪ್ಪಿನ ಹೊತ್ತು.

ಹಳಬರು ಹೊಸ ಡ್ರೈವರ್‌ಗೆ ಸ್ಟೇರಿಂಗ್ ಜೊತೆಗೇ ಕಲಿಸುವ ಪಾಠ ಚಿಕ್ಕದು: "ನಿಂದ್ರಬ್ಯಾಡ, ಮಂದಿ ಕೂಡೂದ್ರಾಗ ಪಾರಾಗು." ಇದನ್ನು ಬರೀ ಕಲ್ಲೆದೆ ಎಂದು ಬದಿಗಿಡುವುದು ಅನ್ಯಾಯ. ಗುಂಪಿನ ಕೈಯಲ್ಲಿ ಏಟು ತಿನ್ನುವ ಭಯ ಸುಳ್ಳಲ್ಲ. ಗಾಯಾಳುವನ್ನು ವೈದ್ಯರ ಬಳಿಗೆ ಒಯ್ಯಬೇಕೆಂದು ಹೇಳುವ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಕೂಡ, ಜನರ ಆಕ್ರೋಶದಿಂದ ಅದು ಆಗದೇ ಹೋಗಬಹುದೆಂದು ಒಪ್ಪಿಕೊಂಡೇ ಮುಂದೆ ಹೋಗುತ್ತದೆ. ಮೇಲಾಗಿ ತಡವಾದ ಪ್ರತಿ ಪಾರ್ಸೆಲ್ಲಿಗೂ ಡ್ರೈವರ್ ಉತ್ತರ ಕೊಡಬೇಕು. ದಾರಿಯಲ್ಲಿ ಕಳೆದ ಒಂದು ತಾಸಿಗೆ ಯಾರೂ ಕೂಲಿ ಕೊಡುವುದಿಲ್ಲ.

ಆದರೂ ಓಡಿಹೋಗುವ ಈ ರೂಢಿ ಸೋತಿರುವುದು ಮುಖ್ಯವಾದ ಕಡೆಯೇ. ಗುದ್ದಿಸಿಕೊಂಡ ಕುರಿ ಎಷ್ಟೋ ಸಲ ಕೂಡಲೇ ಸಾಯುವುದಿಲ್ಲ. ಕಾಲು ಮುರಿದು, ಉಸಿರು ಎಳೆಯುತ್ತ ಡಾಂಬರಿನ ಮೇಲೆ ಬಿದ್ದಿರುತ್ತದೆ. ಕತ್ತಲಾದ ಮೇಲೆ ಹಿಂದಿನಿಂದ ಬರುವ ಬೈಕ್ ಸವಾರನಿಗೆ ಅದೇ ಮುಂದಿನ ಅಪಘಾತ.

ಡ್ರೈವರ್ ಸಿಕ್ಕಿಬಿದ್ದರೆ ನಡೆಯುವುದು ರಸ್ತೆಬದಿಯ ರಾಜಿ. ನಾಲ್ಕು ಹಿರಿಯರು ಕೂಡುತ್ತಾರೆ, ಗಾಡಿಯ ಕೀಲಿ ಯಾರದೋ ಕೈ ಸೇರುತ್ತದೆ, ಬೆಲೆಯ ಮಾತು ಶುರುವಾಗುತ್ತದೆ. ಗಬ್ಬದ ಕುರಿಗೆ ಒಂದು ದರ, ಟಗರಿಗೆ ಒಂದು ದರ. ಕಿಲಾರಿ ಎತ್ತಾದರೆ ಜೋಡಿ ಒಡೆದ ನಷ್ಟವೂ ಲೆಕ್ಕಕ್ಕೆ ಬರುತ್ತದೆ, ಬರಬೇಕಾದದ್ದೇ. ಓಡಿಹೋಗುವುದಕ್ಕಿಂತ ಇದು ಸಾವಿರ ಪಾಲು ಮೇಲು: ಕುರಿಗಾರನಿಗೆ ಅಂದೇ ದುಡ್ಡು ಸಿಗುತ್ತದೆ, ಡ್ರೈವರ್ ಅಂದೇ ಮನೆ ಸೇರುತ್ತಾನೆ. ಕೊರತೆ ಎರಡು. ದುಡ್ಡು ಹೋಗುವುದು ದಿನಗೂಲಿಯ ಡ್ರೈವರ್ ಜೇಬಿನಿಂದ. ಗಾಡಿಯ ಮಾಲೀಕ, ಸರಕಿನ ಕಂಪನಿ ಫೋನಿನ ಆಚೆ ಬದಿಯಲ್ಲೇ ಉಳಿಯುತ್ತಾರೆ. ಮತ್ತೆ, ತಾಸುಗಟ್ಟಲೆ ಚೌಕಾಸಿ ನಡೆಯುವಾಗ ಪಕ್ಕದಲ್ಲೇ ನರಳುವ ಪ್ರಾಣಿಗೆ ಒಂದು ಗುಟುಕು ನೀರು ಬಿಟ್ಟವರಿರುವುದಿಲ್ಲ.

ಕಾನೂನು ಇಲ್ಲಿ ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 132ನೇ ಸೆಕ್ಷನ್ನು ಓದಿದರೆ ಅಚ್ಚರಿಯಾಗುತ್ತದೆ. ತನ್ನ ವಶದಲ್ಲಿರುವ ಪ್ರಾಣಿ ಗಾಡಿಗೆ ಬೆದರಿ ಕೈತಪ್ಪೀತೆಂದು ಕುರಿಗಾರನಿಗೆ ಅನ್ನಿಸಿ ನಿಲ್ಲಿಸಲು ಹೇಳಿದರೆ, ಡ್ರೈವರ್ ನಿಲ್ಲಿಸಲೇಬೇಕು. ಹಾರ್ನ್ ಒತ್ತುತ್ತ ಹಿಂಡನ್ನು ಸೀಳಿಕೊಂಡು ಹೋಗುವವರಲ್ಲಿ ಎಷ್ಟು ಜನರಿಗೆ ಇದು ಗೊತ್ತಿದೆ? ಬೆತ್ತ ಎತ್ತಿ ನಿಂತ ಕುರಿಗಾರನಿಗೂ ಗೊತ್ತಿರಲಾರದು. ಅದೇ ಸೆಕ್ಷನ್ ಪ್ರಕಾರ, ನಷ್ಟಕ್ಕೊಳಗಾದವನು ತನ್ನ ಹೆಸರು, ವಿಳಾಸ ಕೊಟ್ಟು ಕೇಳಿದರೆ ಡ್ರೈವರ್ ತನ್ನದನ್ನೂ ಗಾಡಿ ಮಾಲೀಕನದನ್ನೂ ಕೊಡಬೇಕು. ಆದರೆ ಪ್ರಾಣಿಗೆ ಪೆಟ್ಟಾದ ಮೇಲೆ ನಿಲ್ಲುವ ಕರ್ತವ್ಯವನ್ನು, ಸಮವಸ್ತ್ರದಲ್ಲಿರುವ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ ಹೇಳಿದಾಗ ಎಂದು ಕಟ್ಟಿಹಾಕಲಾಗಿದೆ. ಕಾಖಂಡಕಿ ದಾರಿಯ ಹೊಲದಂಚಿನಲ್ಲಿ ರಾತ್ರಿ ಎಂಟಕ್ಕೆ ಅಂಥ ಅಧಿಕಾರಿ ಎಲ್ಲಿಂದ ಬರಬೇಕು?

ಆ ಸೆಕ್ಷನ್ನಿಗೆ 'ಪ್ರಾಣಿ' ಎಂದರೆ ಕುದುರೆ, ದನ, ಆನೆ, ಒಂಟೆ, ಕತ್ತೆ, ಹೇಸರಗತ್ತೆ, ಕುರಿ, ಮೇಕೆ. ಅಷ್ಟೇ. ಊರೂರಲ್ಲಿ ಬೈಕಿಗೆ ಅಡ್ಡ ಬರುವ ನಾಯಿ ಆ ಪಟ್ಟಿಯಲ್ಲಿಲ್ಲ.

ನಾಯಿಯ ವಿಷಯದಲ್ಲಿ ಕೋರ್ಟುಗಳು ಮಾತಾಡಿವೆ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ, ಮುಂಬಯಿಯ ಮರೀನ್ ಡ್ರೈವ್‌ನಲ್ಲಿ ಊಟದ ಪಾರ್ಸೆಲ್ ಒಯ್ಯುತ್ತಿದ್ದ 18ರ ವಿದ್ಯಾರ್ಥಿಯೊಬ್ಬನ ಬೈಕಿಗೆ ನಾಯಿ ಅಡ್ಡ ಬಂದು ಸತ್ತಿತು. ಅವನೂ ಬಿದ್ದು ಗಾಯಗೊಂಡ. ಪೊಲೀಸರು ಮನುಷ್ಯರ ಜೀವಕ್ಕೆ ಕುತ್ತು ತಂದವರಿಗೆ ಹಾಕುವ ಕಲಮುಗಳನ್ನೂ ಸೇರಿಸಿ ಅವನ ಮೇಲೆ ಕೇಸು ಹಾಕಿದರು. 2022ರ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದುಮಾಡಿ, ಹುಡುಗನಿಗೆ 20,000 ರೂಪಾಯಿ ಕೊಡಬೇಕೆಂದೂ ಅದನ್ನು ಹೊಣೆಗಾರ ಅಧಿಕಾರಿಗಳಿಂದ ವಸೂಲಿ ಮಾಡಬೇಕೆಂದೂ ಹೇಳಿತು. ಅದೇ ವರ್ಷ ಕರ್ನಾಟಕ ಹೈಕೋರ್ಟ್ ಕೂಡ, ಬೆಂಗಳೂರಿನಲ್ಲಿ ಕಾರಿಗೆ ಸಿಕ್ಕಿ ಸಾಕುನಾಯಿ ಸತ್ತ ಪ್ರಕರಣದಲ್ಲಿ, ಆಗ ಜಾರಿಯಲ್ಲಿದ್ದ ದಂಡ ಸಂಹಿತೆಯ 279ನೇ ಸೆಕ್ಷನ್ ಮನುಷ್ಯರಿಗೆ ಮಾತ್ರ ಅನ್ವಯಿಸುತ್ತದೆಂದು ಕೇಸನ್ನು ಕೈಬಿಟ್ಟಿತು. ಎರಡೂ ತೀರ್ಪುಗಳು ನ್ಯಾಯವಾದವು. ಕೊಲ್ಲುವ ಉದ್ದೇಶವಿಲ್ಲದವನನ್ನು ಅಪರಾಧಿ ಮಾಡಿದರೆ ಮುಂದಿನವನು ಇನ್ನೂ ಜೋರಾಗಿ ಓಡಿಹೋಗುತ್ತಾನೆ. ಆದರೆ "ಅಪರಾಧವಲ್ಲ" ಎಂಬುದು ಡ್ರೈವರ್‌ಗಳ ಕಿವಿಗೆ "ಹೊಣೆಯಿಲ್ಲ" ಎಂದು ತಲುಪಬಾರದು.

ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿಗಳು ನಿಲ್ಲುತ್ತವೆ. ಕಾಡುಪ್ರಾಣಿಗಾಗಿ ಸರಕು ಕಾಯುವುದನ್ನು ವ್ಯಾಪಾರ ಕಲಿತಿದೆ. ಬಯಲುಸೀಮೆಯ ದಾರಿಗಳನ್ನು ರಾತ್ರಿ ಮುಚ್ಚಬೇಕೆಂದು ಯಾರೂ ಕೇಳುತ್ತಿಲ್ಲ. ಇಲ್ಲಿ ಬೇಕಾದದ್ದು ಅದಕ್ಕಿಂತ ಬಹಳ ಸಣ್ಣದು, ಮತ್ತು ಅದರ ಬಹುಪಾಲು ಈಗಾಗಲೇ ಇದೆ. ಥರ್ಡ್ ಪಾರ್ಟಿ ವಿಮೆ ಪರರ ಆಸ್ತಿಗಾದ ನಷ್ಟಕ್ಕೂ ಅನ್ವಯಿಸುತ್ತದೆ, ಸಾಕಿದ ಎತ್ತು, ಕುರಿ ಕಾನೂನಿನ ಕಣ್ಣಲ್ಲಿ ಆಸ್ತಿಯೇ. ಆಕಸ್ಮಿಕವಾಗಿ ಸತ್ತ ಜಾನುವಾರಿಗೆ ಸರ್ಕಾರದ ಅನುಗ್ರಹ ಯೋಜನೆಯಿದೆ. 2025ರ ಬಜೆಟ್ಟಿನಲ್ಲಿ ಅದರ ಮೊತ್ತವನ್ನು ದನಕ್ಕೆ 10,000ದಿಂದ 15,000ಕ್ಕೆ, ಕುರಿ-ಮೇಕೆಗೆ 5,000ದಿಂದ 7,500ಕ್ಕೆ ಏರಿಸಲಾಯಿತು. ಪಶು ಸಂಜೀವಿನಿ ಆಂಬುಲೆನ್ಸ್ ಕರೆಯಲು 1962 ಎಂಬ ಸಂಖ್ಯೆಯಿದೆ. ಇವೆಲ್ಲ ರಸ್ತೆಬದಿಯ ಆ ಗುಂಪಿನವರೆಗೆ ಬಂದು ತಲುಪಿಲ್ಲ. ತಲುಪಿಸಬೇಕಾದವನು ಮೂರನೇ ಊರಿಗೆ ಸಿಲಿಂಡರ್ ಹೊತ್ತು ಹೊರಟ ಡ್ರೈವರ್ ಅಲ್ಲ, ಅವನನ್ನು ಕೆಲಸಕ್ಕೆ ಕಳಿಸಿದವರು. ವಿಮೆಯ ಪಾಲಿಸಿ ನಂಬರು, ಮಾಲೀಕನ ಫೋನು, 1962: ಇಷ್ಟನ್ನು ಗಾಡಿಯ ಗಾಜಿಗೆ ಅಂಟಿಸಲು ಒಂದು ಚೀಟಿ ಸಾಕು. ಗಾಯಗೊಂಡ ಪ್ರಾಣಿಗಾಗಿ ನಿಂತ ಆ ಒಂದು ತಾಸನ್ನು ತಡವೆಂದು ಬರೆದುಕೊಳ್ಳದೆ ಕೆಲಸವೆಂದು ಬರೆದುಕೊಂಡರೆ, ಹೊಸ ಡ್ರೈವರ್‌ಗೆ ಹಳಬ ಹೇಳುವ ಮಾತೂ ಬೇರೆಯಾದೀತು: "ಗಾಡಿ ಬಾಜೂಕ ಹಚ್ಚು, ಮೊದಲ ಕುರೀನ ದಾರಿಯಿಂದ ಈಚೆ ತಗೀ."