ಮೆಕ್ಕೆಜೋಳದ ಧಾರಣೆ ದಾಟಿಸಿ ಓದಬೇಡಿ

ಹತ್ತೊಂಬತ್ತನೇ ಶತಮಾನದ ಅಮೆರಿಕದ ಪಶ್ಚಿಮ ಬಯಲು ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಕುದುರೆ, ಪಿಸ್ತೂಲು, ಧೂಳಿನ ಬೀದಿಯಲ್ಲಿ ಇಬ್ಬರ ಮುಖಾಮುಖಿ. ಸ್ವಲ್ಪ ಓದಿಕೊಂಡವರು ಲಾರಾ ಇಂಗಲ್ಸ್ ವೈಲ್ಡರ್ ಹೆಸರು ಹೇಳುತ್ತಾರೆ. ಆ ಪುಸ್ತಕಗಳು ಬರತೊಡಗಿದ್ದು 1932ರಲ್ಲಿ. ಹಳೆಯ ನೆನಪನ್ನು ಸೋಸಿ, ಸಿಹಿ ಬೆರೆಸಿ ಕೊಟ್ಟದ್ದು ಅದು, ಮಕ್ಕಳಿಗೆ ಚೆನ್ನ. ನಿಜವಾದ ರುಚಿ ಬೇಕಿದ್ದರೆ ಆ ಬಯಲಿನಿಂದ ತವರಿಗೆ, ತಾಯ್ತಂದೆಯರಿಗೆ ಹೋದ ಕಾಗದಗಳನ್ನೇ ಹಿಡಿಯಬೇಕು.

ಹಿಡಿದವರೂ ಓದುವ ರೀತಿ ನೋಡಿದರೆ ಮೈ ಉರಿಯುತ್ತದೆ. ಒಮ್ಮೆ ಓದುಗರ ಕೂಟವೊಂದರಲ್ಲಿ ಇಂಥ ಕಾಗದಗಳನ್ನು ಕನ್ನಡಕ್ಕೆ ತಂದು ಗಟ್ಟಿಯಾಗಿ ಓದಿದೆ. ಗೋಧಿ, ಹಂದಿ, ಬೆಣ್ಣೆಯ ಧಾರಣೆ ಬಂದಾಗಲೆಲ್ಲ ಜನ ಫೋನು ತೆಗೆದರು. ಮಗು ತೀರಿಕೊಂಡ ಸಾಲು ಬಂದಾಗ ತಲೆ ಎತ್ತಿ ‘ಅಯ್ಯೋ’ ಎಂದರು. ಕಾಗದದ ಜೀವ ಇದ್ದದ್ದು ಅವರು ಫೋನು ನೋಡುತ್ತಿದ್ದ ಹೊತ್ತಿನಲ್ಲಿ.

ಧಾರಣೆಯನ್ನು ಓದಲು ಕಲಿಯಿರಿ. ಮೆಕ್ಕೆಜೋಳ ಅಗ್ಗ, ಕಲ್ಲಿದ್ದಲು ತುಟ್ಟಿ ಎಂದು ಅಕ್ಕಪಕ್ಕದಲ್ಲಿ ಬರೆದಿದ್ದರೆ ಆ ಮನೆಯ ಒಲೆಯೊಳಗೆ ಇಣುಕಿ ನೋಡಿ. ಅದು ಮರವಿಲ್ಲದ ಬಯಲು. ಬೆಲೆ ನೆಲಕಚ್ಚಿದ ವರ್ಷಗಳಲ್ಲಿ ನೆಬ್ರಾಸ್ಕಾ, ಕ್ಯಾನ್ಸಸ್‌ಗಳ ರೈತರು ತೆನೆಗಳನ್ನೇ ಸೌದೆಯಾಗಿ ಉರಿಸಿದರು. ವರ್ಷವಿಡೀ ದುಡಿದು ಬೆಳೆದದ್ದನ್ನು ಚಳಿಗೆ ಸುಡುವವನು ‘ಎದೆ ಒಡೆಯಿತು’ ಎಂದು ಬರೆಯುವುದಿಲ್ಲ. ಬುಶೆಲ್ಲಿಗೆ ಇಷ್ಟು ಸೆಂಟು ಎಂದು ಬರೆದು ಮುಂದಿನ ಮಾತಿಗೆ ಹೋಗುತ್ತಾನೆ. ಬೆಣ್ಣೆ, ಮೊಟ್ಟೆ ಹೆಂಗಸರ ಕೈಗಾಸು. ಅವನ್ನು ಅಂಗಡಿಗೆ ಕೊಟ್ಟು ಕಾಫಿ, ಸಕ್ಕರೆ, ಬಟ್ಟೆ ತರುತ್ತಿದ್ದರು. ಬೆಣ್ಣೆಯ ಬೆಲೆ ಇಳಿಯಿತೆಂದು ತಾಯಿಯೊಬ್ಬಳು ಬರೆದರೆ ಮಕ್ಕಳ ಕಾಲಿನ ಕಡೆ ನೋಡಿ, ಚಳಿಗಾಲಕ್ಕೆ ಜೋಡು ಬಂದಿರಲಿಕ್ಕಿಲ್ಲ. ಧಾರಣೆಯೇ ಇಲ್ಲದ ಕಾಗದ ಸಿಕ್ಕಿತೋ, ಮೇಲೆ ಬರೆದಿರುವ ವರ್ಷ ನೋಡಿ. 1874ರಲ್ಲಿ ಮಿಡತೆಗಳು ಮೋಡದಂತೆ ಇಳಿದು ಪೈರು ಮುಗಿಸಿ, ನೆಲದೊಳಗಿನ ಈರುಳ್ಳಿ ಕೊರೆದು, ಬೆವರು ಹಿಡಿದ ಗುದ್ದಲಿ ಕಾವುಗಳನ್ನೂ ಕೆರೆದು ತಿಂದವು. ಮಾರುವುದಕ್ಕೆ ಏನಿತ್ತು?

ನನಗೆ ಇದು ಹೊಳೆದದ್ದು ಯುರೈಯಾ ಒಬ್ಲಿಂಜರನ ಕಾಗದಗಳಿಂದ. 1862ರ ಹೋಮ್‌ಸ್ಟೆಡ್ ಕಾಯಿದೆ 160 ಎಕರೆ ಕೊಡುತ್ತಿತ್ತು. ಐದು ವರ್ಷ ಅಲ್ಲೇ ಇದ್ದು ಉಳಬೇಕು. ಆ ಆಸೆಗೆ ಅವನು 1872ರಲ್ಲಿ ಇಂಡಿಯಾನಾ ಬಿಟ್ಟು ನೆಬ್ರಾಸ್ಕಾಕ್ಕೆ ಹೋದ. ಹೆಂಡತಿ ಮ್ಯಾಟಿ, ಪುಟ್ಟ ಮಗಳು ಊರಲ್ಲೇ ಉಳಿದರು. ಮಣ್ಣು, ಹುಲ್ಲು, ಖರ್ಚು, ನೆರೆಹೊರೆ ಎಂದು ಅವನು ಬರೆಯುತ್ತಲೇ ಹೋಗುತ್ತಾನೆ. ಲೆಕ್ಕದ ಪುಸ್ತಕದ ಹಾಗೆ ಸಾಗುವ ಅದನ್ನು ಬೇಸರದಿಂದಲೇ ಓದುತ್ತಿದ್ದವನು ತಟ್ಟನೆ ಎದ್ದು ಕೂತೆ. ಇದು ಪ್ರೇಮಪತ್ರ! ಒಂದೊಂದು ಅಂಕಿಯೂ ‘ಬಾ, ಇಲ್ಲಿ ಬದುಕಬಹುದು’ ಎಂದು ಅವಳನ್ನು ಕರೆಯುತ್ತಿದೆ. 1873ರಲ್ಲಿ ಅವಳು ಬಂದಳು. ಹುಲ್ಲಿನ ಬೇರು ಹಿಡಿದ ಮಣ್ಣನ್ನು ನೇಗಿಲಿನಿಂದ ಪಟ್ಟಿಪಟ್ಟಿಯಾಗಿ ಎತ್ತಿ, ಕತ್ತರಿಸಿ, ಪೇರಿಸಿದ ಮನೆಯಲ್ಲಿ ಕೂತು ತವರಿಗೆ ಬರೆದಳು. ಸ್ವಂತದ್ದೆಂಬ ಹೆಮ್ಮೆ ಆ ಬರಹದಲ್ಲಿ ತುಂಬಿ ತುಳುಕುತ್ತದೆ.

ಕಾಗದ ಶುರುವಾಗುವುದು ನಮ್ಮ ಹಿರಿಯರ ‘ಉಭಯ ಕುಶಲೋಪರಿ’ಯಂಥ ಒಕ್ಕಣೆಯಿಂದಲೇ. ಅದನ್ನೂ ಹಾರಿಸಬೇಡಿ, ಯಾರ ಕ್ಷೇಮ ಕೇಳಿಲ್ಲ ಎಂಬುದರಲ್ಲಿ ಮನೆಜಗಳ ಅಡಗಿರುತ್ತದೆ. ಕಾಗುಣಿತ ತಪ್ಪಿದ್ದಕ್ಕೆ ನಗಬೇಡಿ. ಬರೆದ ಹಾಳೆಯನ್ನೇ ಅಡ್ಡ ತಿರುಗಿಸಿ ಮೇಲೆ ಮತ್ತೆ ಬರೆದದ್ದು ಕಂಡರೆ ತಾಳ್ಮೆಯಿಂದ ಬಿಡಿಸಿ. ಇನ್ನೊಂದು: ಇವು ಒಬ್ಬರ ಕಣ್ಣಿಗೆಂದು ಬರೆದವಲ್ಲ. ಹಳ್ಳಿಗಾಡಿನಲ್ಲಿ ಮನೆಬಾಗಿಲಿಗೆ ಟಪಾಲು ಬರತೊಡಗಿದ್ದೇ 1896ರಿಂದ ಈಚೆಗೆ. ಅಲ್ಲಿಯವರೆಗೆ ಪೇಟೆಗೆ ಹೋಗಿ ತಂದು, ಮನೆಮಂದಿಗೆಲ್ಲ ಓದಿ ಹೇಳುತ್ತಿದ್ದರು. ಹಾಗಾಗಿ ಬಸುರಿನ ಸುದ್ದಿ ಬಾಯಿಬಿಟ್ಟು ಬರೆಯುವುದು ಅಪರೂಪ. ಹಿಂದಿನ ಕಾಗದದಲ್ಲಿ ಸುಳಿವೇ ಇರದ ಮಗು ಮುಂದಿನದರಲ್ಲಿ ತೊಟ್ಟಿಲಲ್ಲಿರುತ್ತದೆ, ಹಸು ಕರು ಹಾಕಿದ ಸಾಲಿನ ಪಕ್ಕದಲ್ಲೇ. ಅದನ್ನು ಒರಟುತನ ಎನ್ನುವವರಿಗೆ ಕರುವಿನ ಬೆಲೆ ಗೊತ್ತಿಲ್ಲ.

ಮೌನವನ್ನೂ ಕೇಳಿಸಿಕೊಳ್ಳಿ. ಒಬ್ಲಿಂಜರನ ಹೊಲವಿದ್ದ ಪ್ಲಾಟ್ ನದಿಯ ದಕ್ಷಿಣದ ಸೀಮೆ ಪಾನೀ ಎಂಬ ಮೂಲನಿವಾಸಿ ಜನರದ್ದಾಗಿತ್ತು. 1833ರ ಒಪ್ಪಂದದಲ್ಲಿ ಅವರ ಕೈತಪ್ಪಿತು. ಖಾಲಿ ಬಯಲು ಸಿಕ್ಕಿತೆಂದು ಬರೆಯುವವರ ಕಾಗದಗಳಲ್ಲಿ ಆ ನಷ್ಟ ಕಾಣುವುದಿಲ್ಲ. ಪಕ್ಕದಲ್ಲಿ ನೀವೇ ಇಟ್ಟುಕೊಂಡು ಓದಬೇಕು.

ಓದಲು ಹೊರಟಿರಾದರೆ ಮೊದಲು ಒಬ್ಲಿಂಜರ್ ದಂಪತಿ, ಆಮೇಲೆ 1862ರಲ್ಲಿ ನಾರ್ವೆಯಿಂದ ಬಂದು ಅಯೋವಾದಲ್ಲಿ ಬೇಸಾಯ ಹೂಡಿದ ಗ್ರೂ ಸ್ವೆನ್‌ಸೆನ್. ತಾರೀಖಿನ ಕ್ರಮದಲ್ಲೇ ಓದಿ. ಸಂಪಾದಕರ ಮುನ್ನುಡಿಯನ್ನು ಕೊನೆಗೆ ಇಟ್ಟುಕೊಳ್ಳಿ, ಯಾರು ಯಾವಾಗ ತೀರಿಕೊಂಡರೆಂದು ಅಲ್ಲಿ ಮೊದಲೇ ಹೇಳಿಬಿಟ್ಟಿರುತ್ತಾರೆ.